ಕೊನೆಯ ನಾಣ್ಯ ಬಿದ್ದ ವರ್ಷವೇ ಊರು ಖಾಲಿಯಾಯಿತೇ?

ಪ್ರಶ್ನೆ: ನಾನು ಇತಿಹಾಸದ ಎಂ.ಎ. ವಿದ್ಯಾರ್ಥಿ. ಬ್ರಿಟನ್ನಿನ ಒಂದು ರೋಮನ್ ವಿಲ್ಲಾದ (ಹಳ್ಳಿಗಾಡಿನ ಸಿರಿವಂತರ ಮನೆಯ) ಹಳೆಯ ಉತ್ಖನನ ವರದಿ ಓದುತ್ತಿದ್ದೆ. ಅಲ್ಲಿ ಸಿಕ್ಕ ಕೊನೆಯ ನಾಣ್ಯ ಕ್ರಿ.ಶ. 388–402ರ ಅವಧಿಯದು, ಆದ್ದರಿಂದ 400ರ ಸುಮಾರಿಗೆ ವಿಲ್ಲಾ ಪಾಳುಬಿತ್ತು ಎಂದು ಅದರಲ್ಲಿ ಬರೆದಿದ್ದಾರೆ. ನಾಣ್ಯವೊಂದನ್ನು ನಂಬಿ ಇಷ್ಟು ಖಚಿತವಾಗಿ ಹೇಳಬಹುದೇ? ರೋಮ್‌ನ ಕೊನೆಗಾಲವನ್ನು ಸಂಶೋಧಿಸುವವರು ಕಾಲನಿರ್ಣಯ ಮಾಡುವುದು ಹೇಗೆ? ನಮ್ಮ ಅಕ್ಕಿಆಲೂರಿನಲ್ಲಿ ಸಿಕ್ಕ ರೋಮನ್ ಚಿನ್ನದ ನಾಣ್ಯಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆಯೇ?

ಉತ್ತರ: ನಾಣ್ಯದ ಕಾಲ ಸರಿಯಿದೆ, ಪಾಳುಬಿದ್ದ ಕಾಲಕ್ಕೆ ಆಧಾರವಿಲ್ಲ. ಎಡವಟ್ಟಾಗಿರುವುದು ನಡುವಿನ ‘ಆದ್ದರಿಂದ’ ಎಂಬ ಪದದಲ್ಲಿ. ಇಪ್ಪತ್ತನೇ ಶತಮಾನದ ಅನೇಕ ವರದಿಗಳಲ್ಲಿ ಈ ‘ಆದ್ದರಿಂದ’ ಯಾರ ಕಣ್ಣಿಗೂ ಬೀಳದೆ ದಾಟಿಹೋಗಿದೆ.

ಪದರವೊಂದರಲ್ಲಿ ಸಿಕ್ಕ ನಾಣ್ಯ ಹೇಳುವುದು ಒಂದೇ ಮಾತು: ನಾನು ಅಚ್ಚಾಗುವುದಕ್ಕಿಂತ ಮೊದಲು ಈ ಪದರ ಇರಲಿಲ್ಲ. ಪುರಾತತ್ತ್ವದವರು ಇದನ್ನು ಲ್ಯಾಟಿನ್ನಿನಲ್ಲಿ ‘ಟರ್ಮಿನಸ್ ಪೋಸ್ಟ್ ಕ್ವೆಮ್’ ಎನ್ನುತ್ತಾರೆ, ಅಂದರೆ ‘ಇದಕ್ಕಿಂತ ಹಿಂದಲ್ಲ’ ಎಂಬ ಗಡಿ. ಆ ಗಡಿಯ ಈಚೆಗೆ ಎಷ್ಟು ದೂರ ಎಂಬುದನ್ನು ನಾಣ್ಯ ಹೇಳುವುದಿಲ್ಲ. ಅಜ್ಜಿಯ ಟ್ರಂಕಿನ ತಳದಲ್ಲಿ ನಾಲ್ಕಾಣೆ ಸಿಕ್ಕಿತೆಂದುಕೊಳ್ಳಿ. ಅದರ ಮೇಲೆ 1988 ಎಂದಿದ್ದರೆ ಟ್ರಂಕಿಗೆ ಕೊನೆಯ ಬಾರಿ ಬಟ್ಟೆ ತುಂಬಿದ್ದು 1988ಕ್ಕಿಂತ ಮೊದಲಲ್ಲ ಎನ್ನಬಹುದು. 1995ರಲ್ಲೋ 2011ರಲ್ಲಿ ನಾಲ್ಕಾಣೆ ರದ್ದಾದ ಮೇಲೋ ಮೊನ್ನೆಯೋ ಎಂದು ತಿಳಿಯಬೇಕಾದರೆ ಟ್ರಂಕಿನಲ್ಲಿರುವ ಬೇರೆ ಸಾಮಾನನ್ನೂ ನೋಡಬೇಕು.

ರೋಮನ್ ಬ್ರಿಟನ್ನಿನ ವಿಷಯದಲ್ಲಿ ಇದರ ಜೊತೆಗೆ ಇನ್ನೊಂದು ತೊಡಕಿದೆ, ನಿಮ್ಮ ವರದಿಯ ಲೇಖಕರು ಮುಗ್ಗರಿಸಿದ್ದು ಅಲ್ಲಿಯೇ ಇರಬೇಕು. ಬ್ರಿಟನ್ನಿನಲ್ಲಿ ಆ ಕಾಲಕ್ಕೆ ಟಂಕಸಾಲೆ ಇರಲಿಲ್ಲ. ಚಿಲ್ಲರೆ ತಾಮ್ರದ ನಾಣ್ಯವೆಲ್ಲ ಟ್ರಿಯರ್, ಲಿಯೋನ್, ಆರ್ಲ್ ಮುಂತಾದ, ಈಗಿನ ಫ್ರಾನ್ಸ್ ಮತ್ತು ಸುತ್ತಲಿನ ಪ್ರದೇಶವಾದ ಗಾಲ್‌ನ ಟಂಕಸಾಲೆಗಳಿಂದಲೂ ಇಟಲಿಯ ರೋಮ್ ಮತ್ತು ಅಕ್ವಿಲೇಯಾಗಳಿಂದಲೂ ಬರಬೇಕಿತ್ತು, ಮುಖ್ಯವಾಗಿ ಸೈನಿಕರ ಮತ್ತು ಅಧಿಕಾರಿಗಳ ಸಂಬಳದ ದಾರಿಯಲ್ಲಿ. ಗಾಲ್‌ನ ಟಂಕಸಾಲೆಗಳು 395ರ ಸುಮಾರಿಗೆ ತಾಮ್ರ ಅಚ್ಚುಹಾಕುವುದನ್ನು ನಿಲ್ಲಿಸಿದವು. ಇಟಲಿಯಿಂದ ಬರುತ್ತಿದ್ದದ್ದು 402ರ ಹೊತ್ತಿಗೆ ನಿಂತಿತು. ಹೀಗಾಗಿ ದ್ವೀಪದಲ್ಲಿ ಆ ಕಾಲದವರೆಗೆ ಜನರಿದ್ದ ಯಾವ ರೋಮನ್ ನೆಲೆ ಅಗೆದರೂ ಕೊನೆಯ ತಾಮ್ರದ ನಾಣ್ಯ ಸಾಮಾನ್ಯವಾಗಿ 388–402ರದ್ದೇ ಆಗಿರುತ್ತದೆ. 405ರಲ್ಲಿ ಖಾಲಿಯಾದ ಮನೆಯಲ್ಲೂ ಅದೇ, 470ರವರೆಗೆ ಜನ ಬದುಕಿದ ಮನೆಯಲ್ಲೂ ಅದೇ. ಕೊನೆಯ ನಾಣ್ಯ ದಾಖಲಿಸುವುದು ಸರಬರಾಜು ನಿಂತ ದಿನವನ್ನು, ಜನ ಊರು ಬಿಟ್ಟ ದಿನವನ್ನಲ್ಲ. ಬೆಂಗಳೂರಿನ ಒಂದು ಚಹಾ ಅಂಗಡಿಯನ್ನು ಮುಂದೆ ಯಾರಾದರೂ ಅಗೆದರೆ ಚಿಲ್ಲರೆ ಕಾಸು ಬೀಳುವುದು ಮೊಬೈಲ್ ಪಾವತಿ ಬಂದ ಮೇಲೆ ಒಮ್ಮೆಲೇ ಇಳಿದಿರುವುದು ಕಾಣುತ್ತದೆ. ಅದನ್ನು ನೋಡಿ ಬೆಂಗಳೂರಿನವರು ಚಹಾ ಕುಡಿಯುವುದನ್ನು ಬಿಟ್ಟರು ಎಂದು ಬರೆದರೆ ಹೇಗಿರುತ್ತದೆ?

ಈಗ ಆ ನಾಣ್ಯವನ್ನೇ ಕೈಗೆತ್ತಿಕೊಂಡು ನೋಡೋಣ. 388–402ರ ಸಣ್ಣ ತಾಮ್ರದ ನಾಣ್ಯ ಹುಣಸೆಬೀಜದಷ್ಟು ದೊಡ್ಡದು. 12ರಿಂದ 14 ಮಿಲಿಮೀಟರ್ ಅಗಲ, ಒಂದು ಗ್ರಾಂಗಿಂತ ಸ್ವಲ್ಪ ಹೆಚ್ಚು ತೂಕ. ಮುಂಬದಿಯಲ್ಲಿ ಮುತ್ತಿನ ಪಟ್ಟ ಕಟ್ಟಿದ ಚಕ್ರವರ್ತಿಯ ತಲೆ, ಬಲಕ್ಕೆ ತಿರುಗಿದ್ದು. ಹಿಂಬದಿಯಲ್ಲಿ ಸಾಮಾನ್ಯವಾಗಿ ಎರಡು ಚಿತ್ರಗಳಲ್ಲೊಂದು ಇರುತ್ತದೆ. ಹಾರ ಮತ್ತು ಗರಿ ಹಿಡಿದು ನಡೆಯುವ ವಿಜಯದೇವತೆ ಒಂದು. ಹೆಗಲ ಮೇಲೆ ವಿಜಯಚಿಹ್ನೆ ಹೊತ್ತು ಸೆರೆಯಾಳನ್ನು ಎಳೆದೊಯ್ಯುವ ವಿಜಯದೇವತೆ ಇನ್ನೊಂದು. ಎರಡನೆಯದರ ಸುತ್ತ ‘ಸಲೂಸ್ ರೇಯಿಪುಬ್ಲಿಕೆ’, ಅಂದರೆ ರಾಜ್ಯದ ಕ್ಷೇಮ, ಎಂಬ ಬರಹ. ರಾಜ್ಯದ ಕ್ಷೇಮ ಅಷ್ಟೇನೂ ಚೆನ್ನಾಗಿರದ ಕಾಲದಲ್ಲೇ ಇದನ್ನು ಲಕ್ಷಗಟ್ಟಲೆ ಅಚ್ಚುಹಾಕಿದರು ಎಂಬುದು ಬೇರೆ ಮಾತು. ಮೊದಲನೆಯದರ ಬರಹದಲ್ಲಿ ‘ಆಗಸ್ಟಸ್’ ಪದವನ್ನು ಕುಗ್ಗಿಸಿ ಕೊನೆಯ ‘ಜಿ’ ಅಕ್ಷರವನ್ನು ಮೂರು ಸಲ ಕೆತ್ತಿರುತ್ತಾರೆ. ಅಂದರೆ ಆಗ ಪಟ್ಟದಲ್ಲಿದ್ದವರು ಮೂವರು. ಮೊದಲು 2ನೇ ವ್ಯಾಲೆಂಟಿನಿಯನ್, ಥಿಯೊಡೋಷಿಯಸ್ ಮತ್ತು ಅರ್ಕೇಡಿಯಸ್. ವ್ಯಾಲೆಂಟಿನಿಯನ್ 392ರಲ್ಲಿ ಸತ್ತ ಮೇಲೆ, 393ರಿಂದ, ಅವನ ಜಾಗಕ್ಕೆ ಹೊನೋರಿಯಸ್. ಥಿಯೊಡೋಷಿಯಸ್ 395ರಲ್ಲಿ ತೀರಿಕೊಂಡ. ತಲೆಯ ಸುತ್ತಲಿನ ಹೆಸರು ಉಜ್ಜಿಹೋಗಿದ್ದರೂ ಮೂರು ‘ಜಿ’ಗಳು ಕಂಡರೆ ನಾಣ್ಯವನ್ನು ಒಂದು ದಶಕಕ್ಕಿಂತ ಕಡಿಮೆ ಅವಧಿಯೊಳಗೆ ಕೂರಿಸಬಹುದು. ಕೆಳಗಡೆ ಗೆರೆಯಡಿಯಲ್ಲಿ ಟಂಕಸಾಲೆಯ ಗುರುತು ಇರುತ್ತದೆ. ಅದು ಉಳಿದಿರುವುದು ಅಪರೂಪ, ಏಕೆಂದರೆ ತಗಡಿಗಿಂತ ಅಚ್ಚು ದೊಡ್ಡದಿದ್ದರೆ ಮೊದಲು ತಪ್ಪಿಹೋಗುವುದು ಅಂಚಿನಲ್ಲಿರುವುದೇ.

ಓದುವ ಕ್ರಮ ಹೀಗೆ. ಮೊದಲು 0.01 ಗ್ರಾಂವರೆಗೆ ತೂಗಿ. ಅಗಲ ಅಳೆಯಿರಿ. ಮುಖ ನೇರವಿದ್ದಾಗ ಹಿಂಬದಿಯ ಚಿತ್ರ ಯಾವ ಗಂಟೆಯ ದಿಕ್ಕಿಗೆ ನಿಂತಿದೆ ಎಂದು ಬರೆದುಕೊಳ್ಳಿ. ಆಮೇಲೆ ದೀಪವನ್ನು ಮೇಲಿನಿಂದ ಹಿಡಿಯದೆ ಪಕ್ಕದಿಂದ, ಮೇಜಿನ ಮಟ್ಟಕ್ಕೆ ಹಿಡಿದು ನಾಣ್ಯವನ್ನು ನಿಧಾನಕ್ಕೆ ತಿರುಗಿಸಿ. ಸವೆದ ಅಕ್ಷರದ ನೆರಳು ಯಾವುದೋ ಒಂದು ಕೋನದಲ್ಲಿ ಎದ್ದುಬರುತ್ತದೆ. ತಾಮ್ರದ ಪಾತ್ರೆ ಎಂದುಕೊಂಡು ಹುಣಸೆಹಣ್ಣು, ನಿಂಬೆರಸ ಹಚ್ಚಿ ತಿಕ್ಕುವವರಿದ್ದಾರೆ. ಎಂದಿಗೂ ಹಾಗೆ ಮಾಡಬೇಡಿ. ಹದಿನಾರು ಶತಮಾನ ಮಣ್ಣಿನಲ್ಲಿದ್ದ ನಾಣ್ಯದ ಲೋಹದ ಮೇಲ್ಮೈ ಬಹುಮಟ್ಟಿಗೆ ಕಿಲುಬಾಗಿ ಬದಲಾಗಿರುತ್ತದೆ, ಅಕ್ಷರಗಳು ಉಳಿದಿರುವುದು ಆ ಹಸಿರು ಪದರದಲ್ಲೇ. ಹುಳಿ ಅದನ್ನು ಕರಗಿಸಿದರೆ ಕೆಳಗೆ ಸಿಗುವುದು ಹೊಳೆಯುವ ಬೋಳು ತಗಡು. ಸಂರಕ್ಷಕರು ಸೂಕ್ಷ್ಮದರ್ಶಕದಡಿ ಚೂಪಾದ ಸಲಕರಣೆಯಿಂದ ಮೇಲಿನ ಮಣ್ಣನ್ನಷ್ಟೇ ಎಬ್ಬಿಸುತ್ತಾರೆ.

ಇಷ್ಟು ಚಿಕ್ಕ ವಸ್ತು ಅಗೆಯುವಾಗ ಕಣ್ಣಿಗೆ ಬೀಳಬೇಕಲ್ಲ? ಐದನೇ ಶತಮಾನದಲ್ಲಿ ಸಾಮ್ರಾಜ್ಯದ ಪೂರ್ವ ಭಾಗದಲ್ಲಿ ಅಚ್ಚಾದ ನಾಣ್ಯಗಳು ಇನ್ನೂ ಚಿಕ್ಕವು, 8–10 ಮಿಲಿಮೀಟರ್, ಒಂದು ಗ್ರಾಂಗಿಂತ ಕಡಿಮೆ. ಗುದ್ದಲಿ ಹಿಡಿದವರಿಗೆ ಅದು ಒಂದು ಮಣ್ಣಿನ ಹೆಂಟೆ, ಅಷ್ಟೆ. ಆದ್ದರಿಂದ ವರದಿಯೊಂದನ್ನು ಓದುವಾಗ ಮೊದಲು ಹುಡುಕಬೇಕಾದದ್ದು ಮಣ್ಣನ್ನು ಜರಡಿ ಹಿಡಿದಿದ್ದಾರೆಯೇ, ಎಷ್ಟು ಕಣ್ಣಿನ ಜರಡಿ, ಲೋಹಶೋಧಕವನ್ನು ಅಗೆದ ಮಣ್ಣಿನ ರಾಶಿಯ ಮೇಲೂ ಆಡಿಸಿದ್ದಾರೆಯೇ ಎಂಬುದನ್ನು. ಈಗ ಬ್ರಿಟನ್ನಿನಲ್ಲಿ ಮುಖ್ಯ ಪದರವೊಂದರಿಂದ ಸುಮಾರು 40 ಲೀಟರ್ ಮಣ್ಣು ಎತ್ತಿ ನೀರಿನಲ್ಲಿ ತೇಲಿಸುವುದು ರೂಢಿ. ತೇಲಿದ ಸುಟ್ಟ ಕಾಳು, ಇದ್ದಿಲ ಚೂರನ್ನು ಕಾಲು ಮಿಲಿಮೀಟರಿನ ಜಾಲರಿ ಹಿಡಿಯುತ್ತದೆ, ಮುಳುಗಿದ್ದನ್ನು ಅರ್ಧದಿಂದ ಒಂದು ಮಿಲಿಮೀಟರಿನ ಜಾಲರಿ. 1950ರ ಮೊದಲಿನ ಬಹಳಷ್ಟು ಅಗೆತಗಳಲ್ಲಿ ಇದು ಯಾವುದೂ ಇರಲಿಲ್ಲ. ಮೇಲಿನ ಪದರಗಳನ್ನು ‘ಕಸ’ ಎಂದು ಎತ್ತಿ ಹಾಕಿ ಕೆಳಗಿನ, ಬಣ್ಣದ ಕಲ್ಲುಚೂರು ಜೋಡಿಸಿದ ಮೊಸಾಯಿಕ್ ನೆಲಕ್ಕೆ ಇಳಿಯುವುದೇ ಗುರಿ. ನಮಗೆ ಬೇಕಾದ ಐದನೇ ಶತಮಾನ ಇದ್ದದ್ದು ಆ ಕಸದಲ್ಲಿ.

ಪದರಗಳ ಕ್ರಮ ನಾಣ್ಯಕ್ಕಿಂತ ದೊಡ್ಡ ಸಾಕ್ಷಿ. ಬ್ರಿಟನ್ನಿನ ಉತ್ತರದ ಗಡಿಯಲ್ಲಿ ರೋಮನ್ನರು ಕಟ್ಟಿದ ಹ್ಯಾಡ್ರಿಯನ್ ಗೋಡೆಯ ಮೇಲಿನ ಬರ್ಡೋಸ್ವಾಲ್ಡ್ ಕೋಟೆಯನ್ನು ಟೋನಿ ವಿಲ್ಮಟ್ ಅವರ ತಂಡ 1987ರಿಂದ 1992ರವರೆಗೆ ಅಗೆಯಿತು. ಕೋಟೆಯೊಳಗೆ ಅಕ್ಕಪಕ್ಕದಲ್ಲಿ ಎರಡು ಕಲ್ಲಿನ ಕಣಜಗಳಿದ್ದವು. ಒಂದರಲ್ಲಿ ಧಾನ್ಯ ಇಡುವುದು ನಿಂತು, ನೆಲ ಹೊಸದಾಗಿ ಹಾಸಿ, ಒಂದು ತುದಿಯಲ್ಲಿ ಒಲೆಗಳು ಉರಿದಿದ್ದವು. ಆ ಒಲೆಗಳ ಬಳಿ ಸಿಕ್ಕದ್ದು ಸವೆದುಹೋದ ಒಂದು ಥಿಯೊಡೋಷಿಯಸ್ ನಾಣ್ಯ, 388–395ರದ್ದು. ನಿಮ್ಮ ವರದಿಯ ತರ್ಕದಂತೆ ಇಲ್ಲಿಗೆ ಕತೆ ಮುಗಿಯಬೇಕಿತ್ತು. ಆದರೆ ಇನ್ನೊಂದು ಕಣಜದ ಮೋಟುಗೋಡೆಗಳನ್ನು ಆಧರಿಸಿ ಆಮೇಲೆ ಒಂದು ಮರದ ಕಟ್ಟಡ ಎದ್ದಿತ್ತು. ಅದೂ ಹೋದ ಮೇಲೆ ಚಪ್ಪಡಿ ಕಲ್ಲುಗಳ ಮೇಲೆ ಕಂಬ ನಿಲ್ಲಿಸಿ, ಕೋಟೆಯ ಮುಖ್ಯ ರಸ್ತೆಯ ಮೇಲೆ ಸ್ವಲ್ಪ ಚಾಚಿಕೊಂಡು, ಇನ್ನೂ ದೊಡ್ಡದೊಂದು ಮರದ ಚಾವಡಿ. ಈ ಎರಡಕ್ಕೂ ನಾಣ್ಯದ ಸಾಕ್ಷಿ ಇಲ್ಲ. ಮರದ ಕಟ್ಟಡ ಇಂತಿಷ್ಟು ಕಾಲ ಬಾಳಬಹುದು ಎಂದು ಆಯುಷ್ಯ ಲೆಕ್ಕಹಾಕಿ ವಿಲ್ಮಟ್ ಸುಮಾರು 520ರವರೆಗೆ ಬಂದರು. ಆ 520 ಒಂದು ಅಂದಾಜು ಮಾತ್ರ, ಅದರ ಮೇಲೆ ವಾದ ಮಾಡಬಹುದು. ಆದರೆ ನಾಣ್ಯದ ನಂತರ ಎರಡು ಕಟ್ಟಡ ಎದ್ದು ಬಿದ್ದವು ಎಂಬುದು ಕಲ್ಲಿನ ಮೇಲೆ ಕಲ್ಲಿರುವಷ್ಟೇ ನಿಜ.

ಇಂಗ್ಲೆಂಡಿನ ರೋಮನ್ ಪಟ್ಟಣವಾಗಿದ್ದ ರೊಕ್ಸೆಟರ್‌ನಲ್ಲಿ ಫಿಲಿಪ್ ಬಾರ್ಕರ್ 1966ರಿಂದ ಸ್ನಾನಗೃಹದ ಪಕ್ಕದ ಸಭಾಮಂದಿರವನ್ನು ಹೀಗೇ ಬ್ರಷ್ಷಿನಲ್ಲಿ ಗುಡಿಸುತ್ತ ಇಂಚಿಂಚಾಗಿ ಬಿಡಿಸಿದರು. ಕಲ್ಲುಪುಡಿಯ ಹಾಸುಗಳು ಮರದ ದೊಡ್ಡ ಕಟ್ಟಡಗಳ ಅಡಿಪಾಯ ಎಂದು ಓದಿದರು. 2014ರಲ್ಲಿ ಅಲನ್ ಲೇನ್ ಅದೇ ಸಾಕ್ಷಿಗಳನ್ನು ಮತ್ತೆ ಪರಿಶೀಲಿಸಿ, ಕಟ್ಟಡ ಎನ್ನುವಷ್ಟು ಆಧಾರ ಇಲ್ಲಿಲ್ಲ ಎಂದರು. ಅಂದರೆ ಎಚ್ಚರಿಕೆ ಎರಡೂ ಕಡೆಗೆ ಬೇಕು. ಮೇಲಿನ ಪದರವನ್ನು ಕಸವೆಂದು ಎಸೆದವರೂ ತಪ್ಪಿದ್ದಾರೆ, ಕಸದಲ್ಲಿ ಅರಮನೆ ಕಂಡವರೂ ತಪ್ಪಿರಬಹುದು.

ಬಿಡಿ ನಾಣ್ಯದಂತೆಯೇ ನಿಧಿಯೂ ಮೋಸಮಾಡುತ್ತದೆ. ಇದಕ್ಕೆ ಹಾಕ್ಸನ್ ನಿಧಿಗಿಂತ ಒಳ್ಳೆಯ ಪಾಠ ಇಲ್ಲ. 1992ರ ನವೆಂಬರಿನಲ್ಲಿ ಇಂಗ್ಲೆಂಡಿನ ಸಫೋಕ್‌ನ ಹೊಲವೊಂದರಲ್ಲಿ, ರೈತನ ಕಳೆದುಹೋದ ಸುತ್ತಿಗೆ ಹುಡುಕಲು ಲೋಹಶೋಧಕ ಹಿಡಿದು ಹೋದವರಿಗೆ ಇದು ಸಿಕ್ಕಿತು. ಅವರು ಪೂರ್ತಿ ಅಗೆಯದೆ ಅಧಿಕಾರಿಗಳಿಗೆ ತಿಳಿಸಿದ್ದರಿಂದ ಪುರಾತತ್ತ್ವಜ್ಞರು ಮರುದಿನವೇ ಅದನ್ನು ಮಣ್ಣಿನ ಸಮೇತ ಎತ್ತಲು ಸಾಧ್ಯವಾಯಿತು. ಒಳಗಿದ್ದ ಮರದ ಪೆಟ್ಟಿಗೆಯ ಆಕಾರ, ಯಾವ ಸಾಮಾನು ಯಾವ ಮೂಲೆಯಲ್ಲಿತ್ತು ಎಂಬುದೂ ದಾಖಲಾಯಿತು. ಒಟ್ಟು 14,865 ನಾಣ್ಯಗಳು: 569 ಚಿನ್ನ, 14,272 ಬೆಳ್ಳಿ, 24 ತಾಮ್ರ. ತೀರ ಈಚಿನವು 407ರಲ್ಲಿ ಬ್ರಿಟನ್ನಿನಲ್ಲೇ ಚಕ್ರವರ್ತಿಯೆಂದು ಘೋಷಿಸಿಕೊಂಡ 3ನೇ ಕಾನ್‌ಸ್ಟಂಟೈನನವು, 407–408ರವು.

ಹಾಗಾದರೆ ಹೂತದ್ದು 408ರಲ್ಲೇ? ಬೆಳ್ಳಿ ನಾಣ್ಯಗಳ ಅಂಚು ನೋಡಿ. ಸಿಲಿಕ್ವಾ ಎಂಬ ಈ ನಾಣ್ಯಗಳು ಸುಮಾರು 2 ಗ್ರಾಂ ತೂಗಬೇಕು. ಹೆಚ್ಚುಕಡಿಮೆ ಎಲ್ಲವುಗಳ ಅಂಚನ್ನೂ ಸುತ್ತಲೂ ಕತ್ತರಿಸಿದ್ದಾರೆ. ಅಕ್ಷರಗಳ ವೃತ್ತ ಹೋಗಿದೆ, ಚಕ್ರವರ್ತಿಯ ತಲೆ ಮಾತ್ರ ಮುಟ್ಟಿಲ್ಲ. ಕದ್ದು ಕತ್ತರಿಸುವವನಿಗೆ ತಲೆಯ ಮೇಲೆ ಅಷ್ಟು ಮರ್ಯಾದೆ ಏಕೆ? ತಲೆ ಇದ್ದರೆ ಮಾತ್ರ ಜನ ಅದನ್ನು ನಾಣ್ಯವೆಂದು ತೆಗೆದುಕೊಳ್ಳುತ್ತಿದ್ದರು. ಹೊಸ ಬೆಳ್ಳಿ ಬರುವುದು ನಿಂತಾಗ, ಇರುವುದರಿಂದಲೇ ಬೆಳ್ಳಿ ಕತ್ತರಿಸಿಕೊಂಡು ಉಳಿದದ್ದನ್ನು ಚಲಾವಣೆಯಲ್ಲಿಡುವ ಉಪಾಯ ಇದು. ಕತ್ತರಿಸಿದ ಬೆಳ್ಳಿಯಿಂದ ಹಳೆಯ ನಾಣ್ಯಗಳ ನಕಲುಗಳನ್ನು ಅಲ್ಲೇ ಮಾಡಿದ್ದೂ ಕಾಣುತ್ತದೆ, ಅಂಥ ನಕಲುಗಳು ಈ ನಿಧಿಯಲ್ಲೇ ಇವೆ. ಇಷ್ಟು ದೊಡ್ಡ ಪ್ರಮಾಣದ ಕತ್ತರಿಕೆ ಬಹುಮಟ್ಟಿಗೆ ಬ್ರಿಟನ್ನಿಗೇ ಸೀಮಿತ, ಖಂಡದ ನಿಧಿಗಳಲ್ಲಿ ಅಪರೂಪ. ಈ ನಾಣ್ಯಗಳನ್ನು ಒಂದೊಂದಾಗಿ ಅಧ್ಯಯನ ಮಾಡಿದ ಪೀಟರ್ ಗೆಸ್ಟ್ ಅವರ ಕೆಲಸದಿಂದ ನಿಂತ ಮಾತೆಂದರೆ, ಕೊನೆಯ ನಾಣ್ಯಕ್ಕೂ ಹೂತ ದಿನಕ್ಕೂ ನಡುವೆ ಕತ್ತರಿಗೆ ಕೆಲಸ ಮಾಡಲು ಬೇಕಾದಷ್ಟು ಕಾಲ ಬಿಡಬೇಕು. ಸರಬರಾಜು ನಿಂತ ಮೇಲೂ ನಾಣ್ಯ ನಾಣ್ಯವಾಗಿಯೇ ಓಡಾಡಿತು. ಅದೇ ನಿಧಿಯಲ್ಲಿ ಬೆಳ್ಳಿಯ ನಾಲ್ಕು ಕಾಳುಮೆಣಸಿನ ಡಬ್ಬಿಗಳಿವೆ, ಒಂದು ಸಿಂಗಾರಗೊಂಡ ಹೆಂಗಸಿನ ಆಕಾರದ್ದು. ಬುಡದ ಬಿಲ್ಲೆ ತಿರುಗಿಸಿದರೆ ಮುಚ್ಚಿದ, ಉದುರಿಸುವ, ತುಂಬುವ ಸ್ಥಿತಿಗಳು ಬರುತ್ತವೆ. ಅದರಲ್ಲಿ ತುಂಬಿದ ಮೆಣಸು ನಮ್ಮ ಪಶ್ಚಿಮ ಘಟ್ಟದ ಕಡೆಯಿಂದ ಹೋದದ್ದು.

ನಾಣ್ಯಗಳನ್ನು ಒಂಟಿಯಾಗಿ ಓದದೆ ಗುಂಪಾಗಿ ಓದುವುದು ಇನ್ನೊಂದು ದಾರಿ. ನಾಣ್ಯತಜ್ಞ ರಿಚರ್ಡ್ ರೀಸ್ ಬ್ರಿಟನ್ನಿನ ರೋಮನ್ ನಾಣ್ಯಗಳ ಕಾಲವನ್ನು 21 ಅವಧಿಗಳಾಗಿ ವಿಂಗಡಿಸಿದರು. 17ನೆಯದು 330–348, 18ನೆಯದು 348–364, 19ನೆಯದು 364–378, 20ನೆಯದು 378–388, 21ನೆಯದು 388–402. ಒಂದು ನೆಲೆಯಲ್ಲಿ ಗುರುತಿಸಬಹುದಾದ 240 ನಾಣ್ಯ ಸಿಕ್ಕಿ, ಅವುಗಳಲ್ಲಿ 36 ಕೊನೆಯ ಅವಧಿಯವು ಎಂದು ಲೆಕ್ಕಕ್ಕೆ ಹಿಡಿಯಿರಿ. 36ನ್ನು ಸಾವಿರದಿಂದ ಗುಣಿಸಿ 240ರಿಂದ ಭಾಗಿಸಿದರೆ ಸಾವಿರಕ್ಕೆ 150. ಇದನ್ನು ದ್ವೀಪದ ಬೇರೆ ನೆಲೆಗಳ ಸರಾಸರಿಯ ಪಕ್ಕದಲ್ಲಿಡಬೇಕು. ಸರಾಸರಿಗಿಂತ ಬಹಳ ಮೇಲಿದ್ದರೆ ಆ ಕೊನೆಯ ದಶಕಗಳಲ್ಲಿ ಅಲ್ಲಿ ವ್ಯವಹಾರ ಜೋರಾಗಿತ್ತು ಎನ್ನಬಹುದು, ಅಂಥ ಕಡೆ ಜನ 402ಕ್ಕೆ ಗಂಟುಮೂಟೆ ಕಟ್ಟಿದರು ಎನ್ನುವುದು ಇನ್ನೂ ಕಷ್ಟ. ಎರಡು ಕಡೆ ಜಾರುತ್ತಾರೆ. ನಿಧಿಯ ನಾಣ್ಯಗಳನ್ನು ಬಿಡಿ ನಾಣ್ಯಗಳ ಜೊತೆ ಕೂಡಿಸಿಬಿಡುವುದು ಒಂದು. 330–348ರ ನಾಣ್ಯಗಳು ಎಲ್ಲೆಡೆ ರಾಶಿರಾಶಿ ಸಿಗುತ್ತವೆ ಎಂಬುದನ್ನು ಮರೆತು, ತಮ್ಮ ನೆಲೆ ಆಗ ವಿಶೇಷವಾಗಿ ಸಮೃದ್ಧವಾಗಿತ್ತು ಎಂದು ಸಂಭ್ರಮಿಸುವುದು ಇನ್ನೊಂದು.

ಮಡಕೆಚೂರುಗಳ, ಅಂದರೆ ಬೋಕಿಬಿಲ್ಲೆಗಳ, ವಿಷಯಕ್ಕೆ ಬಂದರೆ ಮೆಡಿಟರೇನಿಯನ್ ಭಾಗದ ಸಂಶೋಧಕರು ಪುಣ್ಯವಂತರು. ಈಗಿನ ಟ್ಯುನಿಷಿಯಾದಲ್ಲಿ ತಯಾರಾಗುತ್ತಿದ್ದ ಕೆಂಪು ಲೇಪದ ತಟ್ಟೆ-ಬಟ್ಟಲುಗಳು ಏಳನೇ ಶತಮಾನದವರೆಗೂ ಹಡಗಿನಲ್ಲಿ ಊರೂರಿಗೆ ಹೋದವು. ಜಾನ್ ಹೇಯ್ಸ್ 1972ರಲ್ಲಿ ಇವುಗಳ ಅಂಚು, ಬುಡ, ಆಕಾರ ನೋಡಿ ಸಂಖ್ಯೆ ಕೊಟ್ಟು ಕಾಲ ಗೊತ್ತುಮಾಡಿದರು. ಇಂದಿಗೂ ವರದಿಗಳಲ್ಲಿ ‘ಹೇಯ್ಸ್ 61’, ‘ಹೇಯ್ಸ್ 99’ ಎಂದೇ ಬರೆಯುತ್ತಾರೆ. 61 ಎಂದರೆ ನಾಲ್ಕು–ಐದನೇ ಶತಮಾನದ ಚಪ್ಪಟೆ ತಟ್ಟೆ, 99 ಎಂದರೆ ಆರನೇ ಶತಮಾನದ ಬಟ್ಟಲು. ಗಾಜಾದ ದ್ರಾಕ್ಷಾರಸ ತುಂಬಿದ ಉದ್ದ ಕೊಳವೆಯಂಥ ಜಾಡಿ, ಸಿಲಿಷಿಯಾ–ಸೈಪ್ರಸ್‌ನ ಗೀರುಗೀರು ಮೈಯ ಜಾಡಿ ಇವಕ್ಕೂ ಹೀಗೆ ಸಂಖ್ಯೆಗಳಿವೆ. ರೋಮ್ ನಗರದ ಕ್ರಿಪ್ಟಾ ಬಾಲ್ಬಿ ಎಂಬ ಪುರಾತನ ನೆಲೆಯಲ್ಲಿ ಅಗೆದಾಗ ಏಳನೇ ಶತಮಾನದ ಕೊನೆಯ ಭಾರಿ ತಿಪ್ಪೆಯೊಂದು ಸಿಕ್ಕಿತು. ಅದರಲ್ಲಿ ಆಫ್ರಿಕದ ತಟ್ಟೆಗಳೂ ಪೂರ್ವದ ಜಾಡಿಗಳೂ ಧಾರಾಳವಾಗಿದ್ದವು. 476ರಲ್ಲಿ ಓಡೊಸರ್ ಎಂಬ ಸೇನಾಪತಿ ಬಾಲಕ ಚಕ್ರವರ್ತಿ ರೊಮ್ಯುಲಸ್ ಆಗಸ್ಟುಲಸ್‌ನನ್ನು ಕೆಳಗಿಳಿಸಿದ್ದನ್ನೇ ಪರೀಕ್ಷೆಗೆ ‘ರೋಮ್‌ನ ಪತನ’ ಎಂದು ಬಾಯಿಪಾಠ ಮಾಡುತ್ತೇವಲ್ಲ, ಅದಾಗಿ ಇನ್ನೂರು ವರ್ಷದ ನಂತರವೂ ಆ ಊರಿನ ಅಡುಗೆಮನೆಗೆ ಸಮುದ್ರದಾಚೆಯ ಸಾಮಾನು ಬರುತ್ತಿತ್ತು.

ಆದರೆ ಬೋಕಿಯ ಕಾಲವನ್ನು ಗೊತ್ತುಮಾಡಿದ್ದು ಹೇಗೆ? ಬಹಳ ಸಲ ಜೊತೆಗೆ ಸಿಕ್ಕ ನಾಣ್ಯದಿಂದ. ಆಮೇಲೆ ನಾಣ್ಯವಿಲ್ಲದ ಪದರಕ್ಕೆ ಆ ಬೋಕಿಯಿಂದ ಕಾಲ ಕೊಡುತ್ತಾರೆ, ಅಲ್ಲಿ ಸಿಕ್ಕ ಇನ್ನೊಂದು ಬೋಕಿಗೆ ಆ ಪದರದಿಂದ. ನಾಣ್ಯ ಸವೆದದ್ದೋ ಹೊಸದೋ ಎಂದು ಯಾರೂ ಕೇಳದಿದ್ದರೆ ಈ ಸರಪಳಿ ಪೂರ್ತಿ ಮೂವತ್ತು–ನಲವತ್ತು ವರ್ಷ ಹಿಂದಕ್ಕೆ ಜಗ್ಗುತ್ತದೆ. ಬ್ರಿಟನ್ನಿನಲ್ಲಿ ಇನ್ನೂ ಕಷ್ಟ. ಆಕ್ಸ್‌ಫರ್ಡ್‌ಶೈರಿನ ಕೆಂಪು ಪಾತ್ರೆ, ಡಾರ್ಸೆಟ್‌ನ ಕಪ್ಪು ಮೆರುಗಿನ ಮಡಕೆ, ಎರಡರ ಭಟ್ಟಿಗಳೂ ಐದನೇ ಶತಮಾನದ ಆರಂಭದಲ್ಲಿ ಆರಿಹೋದವು. ನಾಣ್ಯದ ಸರಬರಾಜು ನಿಂತ ಹಾಗೆಯೇ ಮಡಕೆಯದೂ ನಿಂತಿತು. ಮರದ ಬಟ್ಟಲಲ್ಲಿ ಉಂಡವರು ಮಣ್ಣಿನಲ್ಲಿ ಏನನ್ನೂ ಬಿಟ್ಟುಹೋಗುವುದಿಲ್ಲ. ಕಾರ್ನ್‌ವಾಲ್‌ನ ಟಿಂಟಾಜೆಲ್ ಈ ಮಾತಿಗೆ ಅಪವಾದ. ಸಮುದ್ರಕ್ಕೆ ಚಾಚಿದ ಆ ಬಂಡೆಯ ಮೇಲೆ ಐದು–ಆರನೇ ಶತಮಾನದ ಪೂರ್ವ ಮೆಡಿಟರೇನಿಯನ್ ಜಾಡಿಗಳ ಚೂರುಗಳು ರಾಶಿಯಾಗಿ ಸಿಕ್ಕಿವೆ. ನಾಣ್ಯವನ್ನಷ್ಟೇ ನಂಬಿದ್ದರೆ ಆ ಊರಿನ ವೈಭವದ ಕಾಲ ನಕ್ಷೆಯಿಂದಲೇ ಅಳಿಸಿಹೋಗುತ್ತಿತ್ತು.

ಸತ್ತ ಜೀವಿಯಲ್ಲಿ ಉಳಿದ ವಿಕಿರಣ ಇಂಗಾಲ ಅಳೆದು ಕಾಲ ಹೇಳುವ ಇಂಗಾಲ ಕಾಲಮಾಪನ ಇದ್ದರೆ ಎಲ್ಲ ಬಗೆಹರಿಯಿತು ಎಂದುಕೊಳ್ಳಬೇಡಿ. ಪ್ರಯೋಗಾಲಯದ ಅಂಕಿಯನ್ನು ಮರದ ಉಂಗುರಗಳಿಂದ ತಯಾರಿಸಿದ ರೇಖೆಗೆ ಹೊಂದಿಸಿ ಕ್ರಿ.ಶ.ಗೆ ತಿರುಗಿಸಬೇಕು. ಆ ರೇಖೆ ಸುಮಾರು 430ರಿಂದ 530ರವರೆಗೆ ಹೆಚ್ಚುಕಡಿಮೆ ಮಟ್ಟಸವಾಗಿದೆ, ಅಂದರೆ ಆ ನೂರು ವರ್ಷಗಳಲ್ಲಿ ಯಾವಾಗ ಸತ್ತ ಪ್ರಾಣಿಯಾದರೂ ಒಂದೇ ಉತ್ತರ ಕೊಡುತ್ತದೆ. ನಮಗೆ ಬೇಕಾದ ಶತಮಾನದಲ್ಲೇ ಅಳತೆಪಟ್ಟಿಯ ಗೀಟುಗಳು ಅಳಿಸಿಹೋಗಿರುವುದು ದುರಾದೃಷ್ಟ. ಮಾದರಿಯ ಆಯ್ಕೆಯಲ್ಲೂ ಜಾರುವುದುಂಟು. ಹಳೆಯ ತೊಲೆಯ ಒಳತಿರುಳಿನ ಇದ್ದಿಲು ಕೊಟ್ಟರೆ ಬರುವುದು ಆ ಮರದ ಒಳಗಿನ ಉಂಗುರ ಬೆಳೆದ ವರ್ಷ, ಸುಟ್ಟ ವರ್ಷವಲ್ಲ. ಒಂದೇ ಹಂಗಾಮಿನಲ್ಲಿ ಬೆಳೆದ ಸುಟ್ಟ ಧಾನ್ಯ, ಸಣ್ಣ ಕಡ್ಡಿ, ಪ್ರಾಣಿಯ ಎಲುಬು ಉತ್ತಮ.

ಹಾಗಿದ್ದರೂ ಒಂದು ಒಳ್ಳೆಯ ಪ್ರಶ್ನೆ ಕೇಳಿದರೆ ಒರಟು ಉತ್ತರವೂ ಸಾಕಾಗುತ್ತದೆ. ಗ್ಲಾಸ್ಟರ್‌ಶೈರಿನ ಚೆಡ್‌ವರ್ತ್ ವಿಲ್ಲಾ ಅದಕ್ಕೆ ಸಾಕ್ಷಿ. 1864ರಲ್ಲಿ ಪತ್ತೆಯಾದ ಈ ವಿಲ್ಲಾದ ಒಂದು ಕೋಣೆಯಲ್ಲಿ ಮೊಸಾಯಿಕ್ ನೆಲವಿದೆ. ಆ ಕೋಣೆಯಾಗಲು ಹೊಸದಾಗಿ ಒಂದು ಗೋಡೆ ಎಬ್ಬಿಸಿದ್ದರು, ಅದರ ತಳಪಾಯದ ಕಾಲುವೆಯೊಳಗೆ ಮುಚ್ಚಿಹೋದ ಎಲುಬು ಮತ್ತು ಇದ್ದಿಲು ಸಿಕ್ಕವು. ಇಂಗಾಲ ಕಾಲಮಾಪನದ ಪ್ರಕಾರ ಆ ಕಾಲುವೆ 424ಕ್ಕಿಂತ ಮೊದಲು ಅಗೆದದ್ದಾಗಿರಲಾರದು. ಮೊಸಾಯಿಕ್ ಹಾಸಿದ್ದು ಗೋಡೆ ಎದ್ದ ಮೇಲೆ. 2020ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಪರಂಪರೆ ಸಂರಕ್ಷಣಾ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್ ಇದನ್ನು ಪ್ರಕಟಿಸಿದಾಗ ಗದ್ದಲವಾದದ್ದು ಸುಮ್ಮನೆ ಅಲ್ಲ. ರೋಮನ್ ಆಡಳಿತ ಹೋಗಿ ದಶಕಗಳಾದ ಮೇಲೆ ಯಾರೋ ಮನೆಯಲ್ಲಿ ಹೊಸ ಕೋಣೆ ಮಾಡಿ, ಕುಶಲಕರ್ಮಿಗಳನ್ನು ಕರೆಸಿ, ಬಣ್ಣದ ಕಲ್ಲಿನ ನೆಲ ಹಾಸಿಸಿದ್ದರು. ಕೆಲಸ ನಾಲ್ಕನೇ ಶತಮಾನದಷ್ಟು ನಾಜೂಕಾಗಿಲ್ಲ, ನಕ್ಷೆಯಲ್ಲಿ ತಪ್ಪುಗಳಿವೆ. ಗಮನಿಸಿ: ಇದೂ ‘ಇದಕ್ಕಿಂತ ಹಿಂದಲ್ಲ’ ಎಂಬ ಗಡಿಯೇ, ನಾಣ್ಯ ಕೊಡುವಂಥದ್ದೇ. ಆದರೆ ಇಲ್ಲಿ ಎಲುಬು ಸಿಕ್ಕಿದ್ದು ಗೋಡೆಯ ಅಡಿಯಲ್ಲಿ. ವಸ್ತು ಏನು ಎಂಬುದಕ್ಕಿಂತ ಅದು ಯಾವುದರ ಕೆಳಗಿತ್ತು ಎಂಬುದು ಮುಖ್ಯ.

ಲಿಖಿತ ಆಧಾರಗಳ ಬಗ್ಗೆ ಒಂದೇ ಎಚ್ಚರಿಕೆ. ಪುಸ್ತಕದಲ್ಲಿ ಕಾಲ ಗೊತ್ತಿರುವ ಘಟನೆಯೊಂದು ಸಿಕ್ಕರೆ ಮಣ್ಣಿನಲ್ಲಿ ಬಿದ್ದ ಪ್ರತಿ ಗೋಡೆಯನ್ನೂ ಅದಕ್ಕೆ ಕಟ್ಟುವ ಚಾಳಿ ಇದೆ. 365ರ ಜುಲೈ 21ರ ಭೂಕಂಪವನ್ನೂ ಸಮುದ್ರ ಹಿಂದಕ್ಕೆ ಸರಿದು ನುಗ್ಗಿದ್ದನ್ನೂ ಆ ಕಾಲದ ರೋಮನ್ ಇತಿಹಾಸಕಾರ ಅಮ್ಮಿಯಾನಸ್ ಮಾರ್ಸೆಲಿನಸ್ ವರ್ಣಿಸಿದ್ದಾನೆ. ಆಮೇಲೆ ಕ್ರೀಟ್, ಸೈಪ್ರಸ್, ಲಿಬಿಯಾ ತೀರಗಳಲ್ಲಿ ನಾಲ್ಕನೇ ಶತಮಾನದ ಯಾವ ಕುಸಿತ ಕಂಡರೂ 365 ಎಂದು ಬರೆಯುವುದು ಸುಲಭವಾಯಿತು. ಕುಸಿತದಡಿಯ ಕೊನೆಯ ನಾಣ್ಯ 360ರ ಆಸುಪಾಸಿನದಾದರೆ ಸಾಕು, ಕೇಸು ಮುಗಿಯಿತು! ಆದರೆ ಅದೇ ನಾಣ್ಯ 370ರ ಅಥವಾ 390ರ ಕುಸಿತಕ್ಕೂ ಅಷ್ಟೇ ಚೆನ್ನಾಗಿ ಹೊಂದುತ್ತದೆ.

ಇಷ್ಟನ್ನು ಇಟ್ಟುಕೊಂಡು ನಿಮ್ಮ ವರದಿಗೆ ಮರಳಿ. ಕೊನೆಯ ನಾಣ್ಯ ಯಾವ ಪದರದಲ್ಲಿ ಸಿಕ್ಕಿತು ಎಂದು ನೋಡಿ: ನೆಲದ ಮೇಲೋ, ನೆಲದ ಕೆಳಗೋ, ಬಿದ್ದ ಹೆಂಚುಗಳ ನಡುವೆಯೋ. ‘ಮೇಲ್ಮಣ್ಣಿನಲ್ಲಿ’ ಎಂದಿದ್ದರೆ ಅದು ಕಟ್ಟಡದ ಬಗ್ಗೆ ಹೆಚ್ಚೇನೂ ಹೇಳದು. ನೆಲದ ಕೆಳಗೆ ಎಂದಿದ್ದರೆ ವರದಿಯ ತೀರ್ಮಾನ ತಲೆಕೆಳಗು: 388ರ ನಂತರ ಅಲ್ಲಿ ಯಾರೋ ಹೊಸ ನೆಲ ಹಾಸಿದ್ದಾರೆ. ನಾಣ್ಯ ಎಷ್ಟು ಸವೆದಿತ್ತು ಎಂಬ ಟಿಪ್ಪಣಿ ಇದೆಯೇ? ನಾಣ್ಯದ ಪದರದ ಮೇಲೆ ಇನ್ನೆಷ್ಟು ಪದರ, ಗುಂಡಿ, ಕಂಬದ ಕುಳಿ, ಒಲೆ ಇದ್ದವು? ಅಡ್ಡಛೇದದ ಚಿತ್ರ ಕೊಟ್ಟಿದ್ದರೆ ಪೆನ್ಸಿಲ್ ಹಿಡಿದು, ಯಾವುದು ಯಾವುದನ್ನು ಕೊರೆದಿದೆ ಎಂದು ಗೆರೆ ಎಳೆದು ಪಟ್ಟಿ ಮಾಡಿ. 1973ರಲ್ಲಿ ಎಡ್ವರ್ಡ್ ಹ್ಯಾರಿಸ್ ರೂಪಿಸಿದ ಪದರಗಳ ಜಾಲಚಿತ್ರ ಮಾಡುವುದೂ ಇದನ್ನೇ. ಕೊನೆಗೆ ಎಲುಬುಗಳು ವಸ್ತುಸಂಗ್ರಹಾಲಯದ ಪೆಟ್ಟಿಗೆಯಲ್ಲಿ ಪದರದ ಸಂಖ್ಯೆ ಸಮೇತ ಉಳಿದಿವೆಯೇ ಎಂದು ವಿಚಾರಿಸಿ. ಉಳಿದಿದ್ದರೆ ಹಳೆಯ ಅಗೆತಕ್ಕೂ ಹೊಸ ಕಾಲಮಾಪನ ಮಾಡಿಸಬಹುದು. ಒಳ್ಳೆಯ ಪ್ರಬಂಧಕ್ಕೆ ಅಷ್ಟೇ ವಿಷಯ ಸಾಕು.

ಇನ್ನು ಹಾನಗಲ್ ತಾಲ್ಲೂಕಿನ ಅಕ್ಕಿಆಲೂರು. ಅಲ್ಲಿನವು ಸಾಲಿಡಸ್ ಎಂಬ ಚಿನ್ನದ ನಾಣ್ಯಗಳು. 1ನೇ ಕಾನ್‌ಸ್ಟಂಟೈನ್ ಚಕ್ರವರ್ತಿ ಒಂದು ರೋಮನ್ ಪೌಂಡು ಚಿನ್ನಕ್ಕೆ 72ರಂತೆ ಶುರುಮಾಡಿದ ನಾಣ್ಯ ಇದು, ಒಂದೊಂದು ಸುಮಾರು ನಾಲ್ಕೂವರೆ ಗ್ರಾಂ, ಅರ್ಧ ತೊಲಕ್ಕಿಂತ ಕಡಿಮೆ. ನಿಧಿಯಲ್ಲಿರುವವು ಐದನೇ ಶತಮಾನದ 2ನೇ ಥಿಯೊಡೋಷಿಯಸ್‌ನಿಂದ 518–527ರಲ್ಲಿ ಆಳಿದ 1ನೇ ಜಸ್ಟಿನ್‌ವರೆಗಿನವು. ಲೆಕ್ಕ ಅದೇ: ಹೂತದ್ದು 518ಕ್ಕಿಂತ ಮೊದಲಲ್ಲ. ಆ ಹೊತ್ತಿಗೆ ಬನವಾಸಿಯಲ್ಲಿ ಕದಂಬರಿದ್ದರು, 543ರಲ್ಲಿ ಒಂದನೇ ಪುಲಕೇಶಿ ಬಾದಾಮಿಯಲ್ಲಿ ಕೋಟೆ ಕಟ್ಟಿದ. ನಿಧಿಯನ್ನು ಕದಂಬರ ಕಾಲಕ್ಕೆ ಹಾಕುವುದೋ ಚಾಲುಕ್ಯರ ಕಾಲಕ್ಕೋ ಎಂಬುದನ್ನು ಜಸ್ಟಿನ್‌ನ ತಲೆ ನೋಡಿ ತೀರ್ಮಾನಿಸಲಾಗದು.

ಇಲ್ಲಿ ಸವೆತದ ಲೆಕ್ಕವೂ ಬೇರೆ. ಬ್ರಿಟನ್ನಿನಲ್ಲಿ ಸಿಲಿಕ್ವಾ ಕೈಯಿಂದ ಕೈಗೆ ಹೋದ ಹಣ. ದಕ್ಷಿಣ ಭಾರತದಲ್ಲಿ ಸಿಕ್ಕ ಸಾಲಿಡಸ್‌ಗಳಲ್ಲಿ ಅನೇಕವಕ್ಕೆ ಚಕ್ರವರ್ತಿಯ ತಲೆಯ ಮೇಲ್ಭಾಗದಲ್ಲಿ ಅಕ್ಕಪಕ್ಕ ಎರಡು ತೂತು ಕೊರೆದಿದ್ದಾರೆ, ದಾರಕ್ಕೆ ಪೋಣಿಸಿದಾಗ ಮುಖ ನೆಟ್ಟಗೆ ನಿಲ್ಲುವ ಹಾಗೆ. ಅದು ಕಾಸಿನ ಸರ. ಸರ ಅಂದಮೇಲೆ ತಾಯಿಯಿಂದ ಮಗಳಿಗೆ, ಅವಳಿಂದ ಸೊಸೆಗೆ ಹೋಗುವಂಥದ್ದು. ಜೊತೆಗೆ ಇಲ್ಲಿಯೇ ಮಾಡಿದ ನಕಲುಗಳೂ ಇಂಥ ನಾಣ್ಯಗಳ ನಡುವೆ ಸಿಗುತ್ತವೆ, ಅಕ್ಷರ ಬಲ್ಲವರು ಕೆತ್ತಿದ್ದಲ್ಲ ಎಂದು ನೋಡಿದೊಡನೆ ತಿಳಿಯುತ್ತದೆ: ಲ್ಯಾಟಿನ್ ಬರಹದ ಜಾಗದಲ್ಲಿ ಬರೀ ಗೀಟು, ಕೊಕ್ಕೆ, ಸೊನ್ನೆ. ಅಂಥ ನಕಲಿನ ಮೇಲಿನ ಚಕ್ರವರ್ತಿಯ ಹೆಸರಿನಿಂದ ಕಾಲ ಹೇಳುವಾಗ ಇನ್ನೊಂದು ಮೆಟ್ಟಿಲು ಕೆಳಗಿಳಿಯಬೇಕು: ಅಸಲಿ ಇಲ್ಲಿಗೆ ಬಂದ ಕಾಲ, ನಕಲು ಮಾಡಿದ ಕಾಲ, ತೂತು ಕೊರೆದ ಕಾಲ, ಹೂತ ಕಾಲ. ನಿಮಗೆ ಆ ನಾಣ್ಯಗಳನ್ನು ನೋಡುವ ಅವಕಾಶ ಸಿಕ್ಕರೆ ತೂತಿನ ಒಳ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ದಾರ ಉಜ್ಜಿ ಮೇಲಂಚು ನುಣುಪಾಗಿ ಹಳ್ಳಬಿದ್ದಿದ್ದರೆ ಸರ ಬಹುಕಾಲ ಯಾರದೋ ಕೊರಳಲ್ಲಿತ್ತು. ಕೊರೆದ ಚೂಪು ಹಾಗೆಯೇ ಉಳಿದಿದ್ದರೆ ಹೂತದ್ದು ಪೋಣಿಸಿದ ಸ್ವಲ್ಪ ಕಾಲಕ್ಕೇ.